ಎರಡನೇ ಪ್ಲಾಟ್‌ಫಾರ್ಮು

ಸಾಮ್‌ತ್ರೇದಿಯಾ ಜಂಕ್ಷನ್ನಿನ ಮೆಟ್ಟಿಲ ಕೆಳಗೆ
ನನ್ನ ರಿಪೇರಿ ಅಂಗಡಿ, ನಾಲ್ಕು ಮೊಳ ಅಗಲ.
ರೈಲು ಬಂದರೆ ತಟ್ಟೆಯ ಸ್ಕ್ರೂಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ.

ಲಾಮ್ಜಿರಾ ಬಂದದ್ದು ಮಂಗಳವಾರ,
ತರಕಾರಿ ಚೀಲದಲ್ಲಿ ಲ್ಯಾಪ್‌ಟಾಪು, ಅದರ ಮೇಲೊಂದು ಕೊತ್ತಂಬರಿ ಕಟ್ಟು.
ಮೂವತ್ತೊಂದು ವರ್ಷ ಈ ನಿಲ್ದಾಣದ ದನಿಯಾಗಿದ್ದವರು;
ಈಗ ಕಣ್ಣು ಕಾಣದ ಮಕ್ಕಳ ಶಾಲೆಗೆ ಕತೆ ಓದಿ ಕಳಿಸುತ್ತಾರೆ.
"ಹನ್ನೊಂದು ಪುಟ," ಅಂದರು, "ಒಂದೇ ಕೂರಿಗೆ ಓದಿದ್ದೆ.
ನಡುವೆ ಇದಕ್ಕೆ ಅಪ್‌ಡೇಟ್ ನೆನಪಾಯಿತು.
ತಾನೇ ಮಲಗಿತು, ತಾನೇ ಎದ್ದಿತು.
ನನ್ನ ತೋಳ ಮಾತ್ರ ಕಾಡಿನ ನಡುವೆ
ಬಾಯಿ ತೆರೆದುಕೊಂಡು ಇನ್ನೂ ನಿಂತಿದೆ."

ಹೊಸ ವಿಂಡೋಸಿಗೆ ಈ ಯಂತ್ರ ಮುದಿಯಂತೆ,
ಪರದೆಯ ಮೇಲೆ ಹಾಗೆಂದು ಬರೆದೇ ಇತ್ತು.
ಲಾಮ್ಜಿರಾ ಕನ್ನಡಕ ತೆಗೆದು ಒರೆಸಿದರು. ಏನೂ ಅನ್ನಲಿಲ್ಲ.

"ಬೇರೆ ಇವೆ," ಅಂದೆ. "ಲಿನಕ್ಸು. ದುಡ್ಡಿಲ್ಲ.
ಹೊಸಬರಿಗೆ ಅಂತಲೇ ಮಾಡಿದವೂ ಇವೆ."
"ಹೊಸಬಳು ಅಂದೆಯಾ ನನ್ನನ್ನು?
ನಾನು ಮೈಕಿನ ಮುಂದೆ ಕೂತಾಗ ನಿನ್ನಪ್ಪ ಚಡ್ಡಿಯಲ್ಲಿದ್ದ."

ಪೆನ್‌ಡ್ರೈವಿನಲ್ಲಿ ನಾಲ್ಕು ತುಂಬಿದೆ.
ಏನನ್ನೂ ಅಳಿಸದೆ ನಡೆಸಿ ನೋಡಬಹುದು,
ಸಂತೆಯಲ್ಲಿ ಚೀಸಿನ ಚೂರು ಬಾಯಿಗಿಟ್ಟ ಹಾಗೆ.
ಇದು ಅವರಿಗೆ ತಟ್ಟನೆ ಹಿಡಿಸಿತು.
ಸುಲುಗುನಿ ಕೊಳ್ಳುವ ಕಣ್ಣಿನಿಂದಲೇ ಪರದೆ ನೋಡತೊಡಗಿದರು.

ಮೊದಲನೆಯದು ಮದುಮಗಳು. ಮುಟ್ಟಿದರೆ ಅಲೆ ಏಳುತ್ತಿತ್ತು.
ಮೈಕು ಮಾತ್ರ ಮೂಕ.
"ಚೆಂದ ಇದೆ. ಕಿವಿ ಇಲ್ಲ."
ಇನ್ನೊಂದು ಏಳಲೇ ಇಲ್ಲ.
ಆಮೇಲೆ ನಾಚಿಕೆಯಿಲ್ಲದೆ ನನ್ನದನ್ನೇ ತೋರಿಸಿದೆ:
ಕರಿ ಪರದೆ, ಬಿಳಿ ಅಕ್ಷರ,
ಒಂದೊಂದು ಮೊಳೆಯೂ ನಾನೇ ಹೊಡೆದದ್ದು.
"ರಾತ್ರಿ ಕೆಟ್ಟರೆ?"
"ಸರಿಮಾಡುವುದರಲ್ಲೇ ಮಜಾ."
"ತ್ಸೋತ್ನೆ, ಬಾಗಿಲು ತೆರೆಯುವುದಕ್ಕೂ ಬಡಗಿಯಾಗಬೇಕೇನೋ?"
ನನ್ನ ಬಳಿ ಉತ್ತರವಿತ್ತು. ಬಾಯಲ್ಲಿ ಚಹಾ ಇತ್ತು.

ಉಳಿದದ್ದು ಮಿಂಟ್. ಬೂದು, ಹಸಿರು, ಪುದೀನದ ಹೆಸರು.
ಮೆನು ಹಳೆಯದು ಇದ್ದ ಮೂಲೆಯಲ್ಲೇ.
ಕೀಲಿ ಒತ್ತಿದರೆ ನಮ್ಮ ಉರುಟು ಅಕ್ಷರ
ಉರುಟಾಗಿಯೇ ಬಿದ್ದವು, ಖಾಲಿ ಡಬ್ಬಿಗಳಾಗದೆ.
ಮೈಕಿಗೆ ಬಾಯಿ ತಂದು, ಮೆತ್ತಗೆ: "ಪ್ರಯಾಣಿಕರು ಗಮನಿಸಬೇಕು."
ಹಸಿರು ಗೀಟು ಎದ್ದು ಕುಣಿಯಿತು.
ಮೆಟ್ಟಿಲು ಹತ್ತುತ್ತಿದ್ದ ಇಬ್ಬರು
ನಿಂತು, ಸೂಟ್‌ಕೇಸು ಇಳಿಸಿ, ಮೇಲೆ ನೋಡಿದರು.

"ಯಾರು ಮಾಡಿದ್ದು ಇದನ್ನು?"
"ಯಾರ್ಯಾರೋ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ..."
"ಗೊತ್ತಾಯಿತು ಬಿಡು. ಮಾತ್ಸೋನಿಯ ಹೆಪ್ಪು.
ನಾನು ನಾನುಲಿಯ ಮನೆಯಿಂದ ತಂದೆ, ಅವಳು ಅವಳತ್ತೆಯಿಂದ.
ಮೊದಲ ಹಾಲು ಯಾರ ಹಸುವಿನದೆಂದು ಯಾರು ಕೇಳುತ್ತಾರೆ?"
ಲೈಸೆನ್ಸಿನ ಬಗ್ಗೆ ಹೇಳಲು ಹೊರಟಿದ್ದೆ. ಬಿಟ್ಟೆ.

ಡಿಸ್ಕನ್ನು ಪೂರ್ತಿ ಅಳಿಸಲೇ, ಕೇಳಿತು ಯಂತ್ರ.
ಬೆರಳು ನಿಂತಿತು.
ಕುತೈಸಿಯ ಗಾಡಿ ಬಂತು, ಹೋಯಿತು.
"ಆ ತೋಳವನ್ನೊಂದು ಎತ್ತಿಡು."
ಎತ್ತಿಟ್ಟೆ. ಆಮೇಲೆ ಹೂಂ ಒತ್ತಿದರು.

ಯಂತ್ರಕ್ಕೊಂದು ಹೆಸರು ಬೇಕಂತೆ.
ಬಾಕಾನಿ, ನಡುವೆ ಅಡ್ಡಗೀಟು, ಎರಡು.
ಬಾಕಾನಿ ಎಂದರೆ ಪ್ಲಾಟ್‌ಫಾರ್ಮು.
ಎರಡರಲ್ಲೇ ಯಾಕೆಂದು ಕೇಳಿದೆ; ಕೇಳಿಸಲಿಲ್ಲವೆಂಬಂತೆ ಕೂತರು.

ಶೇಕಡ ಅರವತ್ತಮೂರಕ್ಕೆ ಬಂದು ನಿಂತುಬಿಟ್ಟಿತು,
ಸಿಗ್ನಲ್ ಸಿಗದ ಗೂಡ್ಸು.
ನನಗೆ ಬೆವರು. ಅವರು ಕೊತ್ತಂಬರಿಯ ಬೇರು ಚಿವುಟುತ್ತಿದ್ದರು:
"ಬರುತ್ತದೆ. ತಡವಾದದ್ದನ್ನು ತಡ ಅಂತ ಹೇಳಿಬಿಡಬೇಕು,
ಜನ ಕಾಯುತ್ತಾರೆ."

ಶನಿವಾರ ಫೈಲು ಬಂತು.
ತೋಳ ಕಾಡು ದಾಟಿದೆ, ಹಳ್ಳಕ್ಕೆ ಬಿದ್ದಿದೆ, ಕತೆ ಮುಗಿದಿದೆ.
ಮುಗಿದ ಮೇಲೂ ಒಂದಿಷ್ಟು ಮೌನ,
ಕುರ್ಚಿ ಎಳೆದ ಸದ್ದು,
ಕತ್ತರಿಸಲು ಮರೆತದ್ದೋ, ಬೇಕೆಂದೇ ಬಿಟ್ಟದ್ದೋ,
ಮೂವತ್ತೊಂದು ವರ್ಷದ ಅದೇ ದನಿ:
"ಬಾಗಿಲುಗಳು ಮುಚ್ಚುತ್ತಿವೆ, ದೂರ ನಿಲ್ಲಿ."